ಒಂಬತ್ತನೇ ಬೆಡ್ಡಿನ ಬಣ್ಣ

“ಒಂಬತ್ತನೇ ಬೆಡ್ಡು, ಹಳದಿ,” ಎಂದು ಬೆಳಗಿನ ಪಾಳಿಯ ಸಿಸ್ಟರ್ ಮೋನಿಷಾ ಓದಿದಳು. “ಗುರುಶಾಂತಪ್ಪ, ಅರವತ್ತೆಂಟು ವರ್ಷ, ಟೈಫಾಯ್ಡ್, ಇವತ್ತಿಗೆ ಹನ್ನೊಂದನೇ ದಿನ. ಹತ್ತನೇ ಬೆಡ್ಡು, ಹಳದಿ...”

“ಒಂದ್ ನಿಮಿಷ ನಿಂದ್ರು ತಂಗಿ,” ಎಂದು ಒಂಬತ್ತನೇ ಬೆಡ್ಡು ಎದ್ದು ಕೂತಿತು.

ಹಲಸೂರಿನ ಆ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಪಾಳಿ ಬದಲಾಗುತ್ತಿತ್ತು. ಬೆಳಗಿನ ಸಿಸ್ಟರ್ ಮೇಜಿನ ಈಚೆ, ಮಧ್ಯಾಹ್ನದವರು ಆಚೆ ನಿಂತು ಹದಿನಾಲ್ಕು ರೋಗಿಗಳನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಕೆಲಸ. ಅದನ್ನು ರೋಗಿಗಳು ಕಣ್ಣು ಮುಚ್ಚಿಕೊಂಡು, ಕಿವಿ ತೆರೆದುಕೊಂಡು ಕೇಳುತ್ತಿದ್ದರು. ನಡುವೆ ಬಾಯಿ ಹಾಕುವ ಪದ್ಧತಿ ಇರಲಿಲ್ಲ.

“ಇಲ್ಲಿತನ ಒಂಬತ್ತ್ ಮಂದಿ ಹೆಸರು ಓದಿದಿ. ಒಂಬತ್ತೂ ಹಳದಿ. ಮುಂದಿನ ಐದೂ ಹಳದೀನೇ ಇರ್ತಾವ, ನಾ ಈಗೇ ಬರದು ಕೊಡ್ತೀನಿ,” ಎಂದರು ಗುರುಶಾಂತಪ್ಪ. ಕಲಬುರಗಿ ಕಡೆಯವರು, ರೈಲ್ವೆಯಲ್ಲಿ ಮೂವತ್ತಾರು ವರ್ಷ ಸ್ಟೇಷನ್ ಮಾಸ್ಟರಾಗಿದ್ದು, ಕೊನೆಯ ಎಂಟು ವರ್ಷ ಕಂಟೋನ್‌ಮೆಂಟ್ ಸ್ಟೇಷನ್ನಿನಲ್ಲಿ ಕಳೆದು ನಿವೃತ್ತರಾದವರು. “ಎಲ್ಲಾ ಸಿಗ್ನಲ್ಲೂ ಹಳದಿ ತೋರಸ್ಲಾಕತ್ತಾವ ಅಂದ್ರ ಗಾಡ್ಯಾಗ ದೋಷ ಇಲ್ಲ. ಸಿಗ್ನಲ್ಲಿನ್ಯಾಗ ಅದ.”

ಮೇಜಿನ ಆಚೆ ನಿಂತಿದ್ದ ಇನ್‌ಚಾರ್ಜ್ ಸಿಸ್ಟರ್ ಮಂಜುಳಮ್ಮ ಬರೆಯುವುದನ್ನು ನಿಲ್ಲಿಸಲಿಲ್ಲ. ಇಪ್ಪತ್ತೇಳು ವರ್ಷದ ಸರ್ವೀಸಿನಲ್ಲಿ ಅವರು ಇದಕ್ಕಿಂತ ದೊಡ್ಡ ದೊಡ್ಡ ಅಧಿಕಾರಿಗಳನ್ನು ಪೈಜಾಮದಲ್ಲಿ ನೋಡಿದ್ದರು.

“ಮಲ್ಕೊಳ್ಳಿ ತಾತಾ. ಹಳದಿ ಒಳ್ಳೇದೇ. ಅರಿಶಿನ ಅಂದ್ಕೊಳ್ಳಿ.”

“ಅರಿಶಿಣ ಹಚ್ಚಿ ಹನ್ನೊಂದ್ ದಿನ ಕೂಡಿಸಿದ್ರ ಮದುಮಗನೂ ಎದ್ದು ಓಡಿ ಹೋಗ್ತಾನ್ರಿ ಸಿಸ್ಟರ್.”

ವಾರ್ಡು ನಕ್ಕಿತು. ಮೋನಿಷಾ ತುಟಿ ಕಚ್ಚಿಕೊಂಡು ಹತ್ತರಿಂದ ಹದಿನಾಲ್ಕರವರೆಗೆ ಓದಿ ಮುಗಿಸಿದಳು. ಐದೂ ಹಳದಿ.

ಈ ಬಣ್ಣಗಳನ್ನು ತಂದವರು ಸೂಪರಿಂಟೆಂಡೆಂಟ್ ಡಾಕ್ಟರ್ ಭಗವಂತರಾಯ. ದೆಹಲಿಯಲ್ಲಿ ಮೂರು ದಿನದ ತರಬೇತಿಗೆಂದು ಹೋಗಿದ್ದವರು ಒಂದು ರೆಕ್ಸಿನ್ ಬ್ಯಾಗು, ಒಂದು ಸರ್ಟಿಫಿಕೇಟು ಮತ್ತು ಒಂದು ವಿಚಾರದೊಂದಿಗೆ ಮರಳಿದ್ದರು. ವಿಚಾರ ಒಳ್ಳೆಯದೇ ಆಗಿತ್ತು. ಪಾಳಿ ಬದಲಾಗುವಾಗ ರೋಗಿಯ ಹೆಸರಿಗಿಂತ ಮೊದಲು ಅವನ ಸ್ಥಿತಿ ಹೇಳಬೇಕು: ನೆಟ್ಟಗಿದ್ದರೆ ಹಸಿರು, ಒಂದು ಕಣ್ಣಿಟ್ಟಿರಬೇಕಾದರೆ ಹಳದಿ, ಕೈಮೀರುತ್ತಿದ್ದರೆ ಕೆಂಪು. ಬರುವವರಿಗೆ ಮೊದಲು ಯಾವ ಮಂಚದ ಕಡೆ ಓಡಬೇಕೆಂಬುದು ಒಂದೇ ಮಾತಿನಲ್ಲಿ ತಿಳಿಯಬೇಕು. ಅದೇ ಬಣ್ಣದ ಕಾರ್ಡು ಮಂಚದ ಕಾಲ ಬದಿಯಲ್ಲಿ ತೂಗಬೇಕು.

ಮೊದಲ ವಾರ ವಾರ್ಡಿನಲ್ಲಿ ಮೂರು ಬಣ್ಣವೂ ಇದ್ದವು. ಹಸಿರು ಬಂದವರ ಮನೆಯವರಿಗೆ ಅವಮಾನವಾಯಿತು. “ಪಕ್ಕದವ್ರಿಗೆ ಕೆಂಪು, ನಮ್ಗೆ ಬರೀ ಹಸಿರಾ? ನಾವೇನ್ ಸುಮ್ನೆ ಬಂದು ಮಲಗಿದೀವಾ?” ಎಂದು ಐದನೇ ಬೆಡ್ಡಿನ ಹೆಂಡತಿ ಜಗಳಕ್ಕೆ ನಿಂತಳು. ಎರಡನೇ ವಾರ ಹಸಿರು ಕಾರ್ಡಿನವನೊಬ್ಬ ಎಳನೀರು ಕುಡಿಯಲೆಂದು ಗೇಟಿನ ತನಕ ನಡೆದು ಹೋಗಿ ಎಳನೀರಿನ ಗಾಡಿಯ ಮೇಲೆಯೇ ತಲೆತಿರುಗಿ ಬಿದ್ದ. ಮೆಮೊ ಬಂತು: ‘ಹಸಿರು ಎಂದವರು ಯಾರು?’ ಮೂರನೇ ವಾರ ಒಬ್ಬನಿಗೆ ಕೆಂಪು ಎಂದರು. ಭಾನುವಾರ. ಭಗವಂತರಾಯರು ಕುಕ್ ಟೌನಿನ ಮನೆಯಿಂದ ಹೊರಟು, ಹಲಸೂರು ಕೆರೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡು, ಏದುಸಿರು ಬಿಡುತ್ತ ವಾರ್ಡಿಗೆ ಬಂದಾಗ ಕೆಂಪು ಕಾರ್ಡಿನವನು ಎದ್ದು ಕೂತು ಇಡ್ಲಿ ತಿನ್ನುತ್ತಿದ್ದ. “ಸಾಂಬಾರ್ ತಂದಿಲ್ವಾ ಸಾರ್?” ಎಂದೂ ಕೇಳಿದ. ಮತ್ತೆ ಮೆಮೊ: ‘ಕೆಂಪು ಎಂದವರು ಯಾರು?’

‘ಹಳದಿ ಎಂದವರು ಯಾರು?’ ಎಂದು ಮಾತ್ರ ಯಾರೂ, ಎಂದೂ ಕೇಳಲಿಲ್ಲ. ನಾಲ್ಕನೇ ವಾರಕ್ಕೆ ವಾರ್ಡು ಪೂರ್ತಿ ಹಳದಿಯಾಯಿತು. ಸೂಪರಿಂಟೆಂಡೆಂಟರ ಕೋಣೆಯ ಚಾರ್ಟಿನಲ್ಲಿ ಕೆಂಪು ಗೆರೆ ಸೊನ್ನೆಗಿಳಿದು ಅಲ್ಲೇ ಮಲಗಿತು. ಅದನ್ನವರು ಬಂದವರಿಗೆಲ್ಲ ತೋರಿಸುತ್ತಿದ್ದರು.

ಹಾಗೆಂದು ಸಿಸ್ಟರುಗಳಿಗೆ ಯಾರ ಸ್ಥಿತಿ ಏನೆಂದು ತಿಳಿಯದೆ ಇರಲಿಲ್ಲ. ಮೇಜಿನ ಬಳಿ ನಡೆಯುವುದು ಕಾಗದಕ್ಕೆ. ಅಸಲು ಮಾತು ಆಮೇಲೆ, ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮುಂದೆ. ವಾರ್ಡಿನ ಚಪ್ಪಲಿ ಬಿಟ್ಟು ಮನೆಯ ಚಪ್ಪಲಿಗೆ ಕಾಲು ತೂರಿಸುತ್ತ, ಒಂಟಿ ಕಾಲಿನ ಮೇಲೆ ನಿಂತು ಹೇಳುವುದು: “ನಾಲ್ಕನೇದು ಸ್ವಲ್ಪ ನೋಡ್ಕೊಳ್ಳಿ, ಯಾಕೋ ಸರಿಯಿಲ್ಲ.” “ಏಳನೇದು ಬರೀ ನಾಟಕ.” ಈ ಪದ್ಧತಿ ಚೆನ್ನಾಗಿಯೇ ನಡೆಯುತ್ತಿತ್ತು. ಹೋಗುವವರಿಗೆ ಬಸ್ಸಿನ ಅವಸರ ಇರದಿದ್ದರೆ ಸಾಕು.

ಆ ಮಧ್ಯಾಹ್ನವೂ ಮೋನಿಷಾ ಚಪ್ಪಲಿ ಸ್ಟ್ಯಾಂಡಿನ ಮುಂದೆ ತಗ್ಗಿದ ದನಿಯಲ್ಲಿ ಹೇಳಿದಳು: “ಅಕ್ಕಾ, ಒಂಬತ್ತನೇದು ಆರಾಮಾಗಿದೆ. ಜ್ವರ ಬಿಟ್ಟು ನಾಲ್ಕು ದಿನ ಆಯ್ತು.”

“ಗೊತ್ತು ಕಣೇ.”

“ಮತ್ತೆ ಹಸಿರು ಅನ್ನಬಹುದಲ್ವಾ?”

ಮಂಜುಳಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. “ಅನ್ನು. ನಾಳೆ ನೀನೇ ಅನ್ನು.”

ಮೋನಿಷಾ ಚಪ್ಪಲಿಯ ಬಕಲ್ಲು ಸರಿಮಾಡಿಕೊಂಡಳು. ಅವಳು ಕೆಲಸಕ್ಕೆ ಸೇರಿ ಎರಡು ತಿಂಗಳು. ಪ್ರೊಬೇಷನ್ ಆರು ತಿಂಗಳು. ಜೋಗುಪಾಳ್ಯದ ಮನೆಯಲ್ಲಿ ಅವಳ ಅಮ್ಮ ಮೊದಲ ದಿನವೇ ಹೇಳಿ ಕಳಿಸಿದ್ದಳು: “ಆರು ತಿಂಗಳು ಬಾಯಿ ಮುಚ್ಕೊಂಡಿರು. ಆಮೇಲೆ ಬೇಕಾದ್ರೆ ಯೂನಿಯನ್ ಲೀಡರ್ ಆಗು.”

ಮರುದಿನ ಬೆಳಿಗ್ಗೆ ಆಯಾ ಬಾಲಮ್ಮ ಮೇಲಿನ ಮಹಡಿಯಿಂದ ಸುದ್ದಿ ತಂದಳು. ಅವಳು ಎರಡೂ ಮಹಡಿಗೆ ಸೇರಿದವಳು. ಬೆಡ್‌ಪ್ಯಾನು, ಬಿಸಿನೀರು, ಸಮಾಚಾರ ಮೂರನ್ನೂ ಒಂದೇ ಬಕೆಟ್ಟಿನಲ್ಲಿ ಸಾಗಿಸುತ್ತಿದ್ದಳು.

“ತಾತಾ, ಅಜ್ಜಿ ಇವತ್ತೂ ಬ್ರೆಡ್ ಮುಟ್ಲಿಲ್ಲ ಸಾಮಿ. ನೆನ್ನೆ ಗಂಜೀನೂ ಹಂಗೇ ವಾಪಸ್ಸು. ಬಿ.ಪಿ. ಬೇರೆ ಏರಿದೆ ಅಂತ ಫಹ್ಮಿದಾ ಸಿಸ್ಟರ್ ಮತ್ತೆ ಡ್ರಿಪ್ ಹಾಕವ್ರೆ.”

ಗುರುಶಾಂತಪ್ಪ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟರು.

ಮೇಲೆ ಹೆಂಗಸರ ವಾರ್ಡಿನಲ್ಲಿ ಅವರ ಹೆಂಡತಿ ಕಾಶಮ್ಮ ಇದ್ದಳು. ಇಬ್ಬರಿಗೂ ಒಂದೇ ದಿನ ಜ್ವರ, ಒಂದೇ ಆಟೋದಲ್ಲಿ ಬಂದು ಒಂದೇ ಗಂಟೆಗೆ ದಾಖಲಾಗಿದ್ದರು. ಮಾರತ್ತಹಳ್ಳಿಯ ಗೃಹಪ್ರವೇಶದಲ್ಲಿ ತಿಂದ ಶ್ರೀಖಂಡದಿಂದ ಜ್ವರ ಬಂತೆಂದು ಇವರು. ಶಿವಾಜಿನಗರದ ಬಸ್‌ ಸ್ಟ್ಯಾಂಡಿನಲ್ಲಿ ಇವರು ಹಟ ಮಾಡಿ ತಿನ್ನಿಸಿದ ಪಾನಿಪುರಿಯಿಂದ ಬಂತೆಂದು ಅವಳು. ಆಟೋ ಆಸ್ಪತ್ರೆ ತಲುಪಿದರೂ ತೀರ್ಮಾನವಾಗಿರಲಿಲ್ಲ. ಅಲ್ಲಿಂದ ಇವರು ಕೆಳಗೆ, ಅವಳು ಮೇಲೆ. ಎಳನೀರಿನ ಪ್ರಕರಣವಾದ ಮೇಲೆ ಹೊಸ ನಿಯಮ ಬಂದಿತ್ತು: ಹಸಿರು ಕಾರ್ಡಿನವರು ಮಾತ್ರ, ಅದೂ ಆಯಾ ಜೊತೆಗೆ, ವಾರ್ಡಿನ ಬಾಗಿಲು ದಾಟಬಹುದು. ಹನ್ನೊಂದು ದಿನದಿಂದ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

“ಅಕಿಗಿ ಏನಂತ ಹೇಳ್ದಿ ನೀ?”

“ನಾನೇನ್ ಹೇಳ್ಲಿ? ದಿನಾ ಕೇಳೋದೇ ಒಂದು, ‘ಕೆಳಗ ಯಾವ ಬಣ್ಣ?’ ಅಂತ. ಹಳದಿ ಅಂದೆ. ಗೋಡೆ ಕಡೆ ತಿರುಕ್ಕೊಂಡ್ಬಿಟ್ರು. ‘ಮರದ ಎಲಿ ಹಳದಿ ಆತಂದ್ರ ಮುಂದ ಏನಾಗ್ತದ, ನಂಗ ಗೊತ್ತಿಲ್ಲೇನು’ ಅಂದ್ರು.”

ಕಾಶಮ್ಮನಿಗೆ ಮನುಷ್ಯರ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಮಗ ಪ್ರಭುಲಿಂಗ ದಿನಾ ಬಂದು “ಅಪ್ಪಾ ಆರಾಮ ಇದ್ದಾನವ್ವ” ಎನ್ನುತ್ತಿದ್ದ. ಆದರೆ ಹಿಂದೊಮ್ಮೆ ಅವಳ ತಮ್ಮ ತೀರಿಕೊಂಡಾಗಲೂ ಅವನು “ಮಾಮಾಗ ಸ್ವಲ್ಪ ಜ್ವರ” ಎಂದೇ ಕಲಬುರಗಿಯವರೆಗೆ ಕರೆದುಕೊಂಡು ಹೋಗಿದ್ದ. ಮೊಬೈಲಿನಲ್ಲಿ ಮಾತಾಡಿಸಿದರೆ, “ಫೋನಿನ್ಯಾಗ ಎಲ್ಲಾರೂ ಆರಾಮೇ ಇರ್ತಾರ” ಎಂದು ಇಟ್ಟುಬಿಟ್ಟಳು. ಮೂವತ್ತು ವರ್ಷ ಸ್ಟೇಷನ್ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದ ಹೆಂಗಸು; ಬಾಯಿಯ ಮಾತಿಗಿಂತ ಕಂಬದ ಮೇಲಿನ ದೀಪವನ್ನು ನಂಬಿ ಅಭ್ಯಾಸ. ಗಂಡ ಹಳದಿ ಎಂದು ಅವಳಿಗೆ ನಿದ್ದೆಯಿಲ್ಲ, ಊಟವಿಲ್ಲ, ಅದರಿಂದ ಬಿ.ಪಿ. ಏರಿ ಅವಳಿಗೂ ಹಳದಿ. ಅವಳು ಹಳದಿ ಎಂದು ಇಲ್ಲಿ ಇವರಿಗೂ ನಿದ್ದೆಯಿಲ್ಲ. ಬೆಳಗಿನ ರೌಂಡ್ಸಿಗೆ ಬರುತ್ತಿದ್ದ ಡ್ಯೂಟಿ ಡಾಕ್ಟರು ಮಂಚದ ಕಾರ್ಡು ನೋಡಿ “ಇನ್ನೂ ಹಳದಿನಾ? ಸರಿ, ನಾಳೆ ನೋಡೋಣ” ಎನ್ನುತ್ತಿದ್ದರು. ಡಾಕ್ಟರೇ ಬದಲಾಯಿಸಿಲ್ಲ ಎಂದು ಸಿಸ್ಟರುಗಳು ಹಳದಿಯನ್ನೇ ಮುಂದುವರಿಸುತ್ತಿದ್ದರು.

“ತಂಗಿ, ಇಲ್ಲಿ ಬಾ,” ಎಂದರು ಗುರುಶಾಂತಪ್ಪ. ಇವತ್ತು ದನಿಯಲ್ಲಿ ತಮಾಷೆ ಇರಲಿಲ್ಲ. “ಅಕಿ ಉಣ್ಣೋದು ಬಿಟ್ಟು ಎರಡು ದಿನ ಆತು. ನಾ ಹೋಗಿ ಎದುರಿಗಿ ನಿಂತ್ರ ಉಣ್ತಾಳ. ಬ್ಯಾರೆ ಯಾರು ಹೇಳಿದ್ರೂ ಉಣ್ಣಲ್ಲ. ನಂಗ ಒಂದ್ ಹಸಿರು ಕೊಡು.”

“ನನ್ ಕೈಲಿಲ್ಲ ತಾತಾ. ಏನಾದ್ರೂ ಆದ್ರೆ...”

“ಏನಾಗ್ತದ?”

“ಹಸಿರು ಅಂದವ್ರು ಯಾರು ಅಂತ ಕೇಳ್ತಾರೆ.”

ಮುದುಕರು ಮಂಚದ ಅಂಚಿಗೆ ಸರಿದರು. “ನನ್ನ ಸರ್ವೀಸಿನ್ಯಾಗ ದಿನಾ ಕೇಳ್ತಿದ್ರು. ಗಾಡಿ ಬಿಡಬೇಕಂದ್ರ ಮುಂದಿನ ಸ್ಟೇಷನ್ನಿನವಗ ಫೋನ್ ಮಾಡಿ ಹಳಿ ಖಾಲಿ ಅದ ಅಂತ ಲೈನ್ ಕ್ಲಿಯರ್ ತಗೋಬೇಕು. ಕೊಟ್ಟವನ ಹೆಸರು, ಟೈಮು, ಎಲ್ಲಾ ಪುಸ್ತಕದಾಗ. ಕೊಡೋದಕ್ಕ ಧೈರ್ಯ ಬೇಕು ಅಂತ ಮಂದಿ ತಿಳಕೊಂಡಾರ. ಧೈರ್ಯ ಏನೂ ಬ್ಯಾಡ. ಕಿಟಕ್ಯಾಗಿಂದ ತಲಿ ಹೊರಗ ಹಾಕಿ ಲೈನಿನ ಮ್ಯಾಲ ಏನಾದ್ರೂ ಅದ ಏನು ಅಂತ ನೋಡಬೇಕು, ಅಷ್ಟೇ. ನೋಡಿದ್ರ ಕೊಡು. ನೋಡಿಲ್ಲಂದ್ರ ಕೊಡಬ್ಯಾಡ.”

ಮೋನಿಷಾ ಟ್ರೇ ಎತ್ತಿಕೊಂಡು ಹೋದಳು. ಹನ್ನೊಂದರವರೆಗೆ ಇಂಜೆಕ್ಷನ್ನು, ಹನ್ನೆರಡರವರೆಗೆ ಕಾಗದ. ಒಂದೂವರೆಗೆ ಊಟದ ತಟ್ಟೆಗಳು ಹೋದ ಮೇಲೆ ಅವಳು ಬಂದು ಒಂಬತ್ತನೇ ಬೆಡ್ಡಿನ ಮುಂದೆ ನಿಂತಳು, ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡು.

“ಏಳಿ ತಾತಾ. ನಡೀರಿ. ಆ ಗೋಡೆಯಿಂದ ಈ ಗೋಡೆಗೆ, ಹತ್ತು ಸಲ.”

“ಯಾಕ?”

“ನೋಡ್ಬೇಕು.”

ಗುರುಶಾಂತಪ್ಪ ಎದ್ದರು. ಲುಂಗಿ ಬಿಗಿಮಾಡಿ, ಅಂಗಿಯ ಗುಂಡಿ ಹಾಕಿ, ಇಲ್ಲದ ಟೋಪಿಯನ್ನು ಸರಿಪಡಿಸಿಕೊಂಡವರಂತೆ ತಲೆ ಸವರಿಕೊಂಡು ಹೊರಟರು. ಎರಡನೇ ಸಲಕ್ಕೆ ವಾರ್ಡಿಗೆ ವಿಷಯ ಗೊತ್ತಾಯಿತು. ಮೂರನೇ ಸಲಕ್ಕೆ ಎಣಿಕೆ ಶುರುವಾಯಿತು. “ನಾಲ್ಕು!” ಎಂದು ಹದಿಮೂರನೇ ಬೆಡ್ಡಿನ ಆಟೋ ಡ್ರೈವರ್ ಕೂಗಿದ. “ಪ್ಲಾಟ್‌ಫಾರಂ ನಂಬರ್ ಒಂದಕ್ಕೆ ಬರ್ತಾ ಇದೆ ಗುರೂ, ಜಾಗ ಬಿಡಿ!” ಐದನೇ ಬೆಡ್ಡಿನವನು ಬಾಯಲ್ಲೇ ರೈಲಿನ ಸಿಳ್ಳೆ ಹಾಕಿದ. ಬಾಲಮ್ಮ ಒರೆಸುವ ಕೋಲನ್ನು ಗೇಟಿನಂತೆ ಅಡ್ಡ ಹಿಡಿದು, ಅವರು ಹತ್ತಿರ ಬಂದಾಗ ಮೇಲೆತ್ತಿದಳು. ಏಳು, ಎಂಟು, ಒಂಬತ್ತು. ಹತ್ತಕ್ಕೆ ವಾರ್ಡು ಚಪ್ಪಾಳೆ ತಟ್ಟಿತು. ಮೋನಿಷಾ ಅವರ ಮಣಿಕಟ್ಟು ಹಿಡಿದು, ತುಟಿ ಅಲ್ಲಾಡಿಸುತ್ತ ಒಂದು ನಿಮಿಷ ಎಣಿಸಿದಳು. ತೊಂಬತ್ತೆರಡು. ಎರಡು ನಿಮಿಷ ಬಿಟ್ಟು ಮತ್ತೆ ಎಣಿಸಿದಳು. ಎಪ್ಪತ್ತಾರು.

ಹದಿನಾಲ್ಕು ಜನರಲ್ಲಿ ಹನ್ನೆರಡು ಮಂದಿ ಚಪ್ಪಾಳೆ ತಟ್ಟಿದ್ದರು. ನಡೆದವರು ಒಬ್ಬರು. ಇನ್ನೊಬ್ಬ ಯಾರು ಎಂಬ ಪ್ರಶ್ನೆ ಅವಳಿಗೆ ಮಣಿಕಟ್ಟು ಬಿಡುವಾಗ ಬಂತು.

ಮೂರನೇ ಬೆಡ್ಡಿನ ಅಮೃತಪ್ಪ. ಶಿವಾಜಿನಗರದಲ್ಲಿ ಟೈಲರು, ಹೃದಯದ ತೊಂದರೆಯೆಂದು ಸೇರಿದ್ದವನು. ಕುಡಿಯುವ ನೀರು ಕೇಳುವಾಗಲೂ ಕ್ಷಮೆ ಕೇಳುವ ಪ್ರಾಣಿ. ದಿಂಬಿಗೆ ಒರಗಿ ಕೂತು ನಗಲು ಪ್ರಯತ್ನಿಸುತ್ತಿದ್ದ. ತುಟಿ ನಗುತ್ತಿತ್ತು, ಉಸಿರು ಜೊತೆಗೆ ಬರುತ್ತಿರಲಿಲ್ಲ.

“ಏನಾಗ್ತಿದೆ ಅಣ್ಣಾ?”

“ಏನಿಲ್ಲಮ್ಮ... ನಿಮ್ಗ್ಯಾಕೆ ತೊಂದ್ರೆ... ಬೆಳಿಗ್ಗೆಯಿಂದ ಸ್ವಲ್ಪ...”

ಅವಳು ಅವನ ಎದೆಯ ಏರಿಳಿತ ಎಣಿಸಿದಳು. ನಿಮಿಷಕ್ಕೆ ಮೂವತ್ತನಾಲ್ಕು. ಆಕ್ಸಿಜನ್ ಹಚ್ಚಿ, ಬೆನ್ನಿಗೆ ಇನ್ನೆರಡು ದಿಂಬು ಕೊಟ್ಟು, ಮೇಜಿನ ಫೋನೆತ್ತಿ ಡ್ಯೂಟಿ ಡಾಕ್ಟರಿಗೆ ಮಾಡಿದಳು. ಅವರು ಎಮರ್ಜೆನ್ಸಿಯಲ್ಲಿ ಯಾರದೋ ಹಣೆ ಹೊಲಿಯುತ್ತಿದ್ದರು. “ಹಳದಿ ತಾನೇ ಸಿಸ್ಟರ್? ಅರ್ಧ ಗಂಟೇಲಿ ಬರ್ತೀನಿ.”

ಮೋನಿಷಾ ರಿಸೀವರ್ ಹಿಡಿದು ನಿಂತಳು. ಬಾಗಿಲಲ್ಲಿ ಮಂಜುಳಮ್ಮ ಚಪ್ಪಲಿ ಬದಲಾಯಿಸುತ್ತಿದ್ದರು.

“ಅಲ್ಲ ಸರ್,” ಎಂದಳು. “ಕೆಂಪು.”

ಆ ಮಾತು ವಾರ್ಡಿನ ಕೊನೆಯವರೆಗೆ ಕೇಳಿಸಿತು. ಮಂಜುಳಮ್ಮ ಒಂದು ಕಾಲಿಗೆ ವಾರ್ಡಿನ ಚಪ್ಪಲಿ, ಇನ್ನೊಂದಕ್ಕೆ ಮನೆಯ ಚಪ್ಪಲಿ ಹಾಕಿಕೊಂಡೇ ಮೂರನೇ ಬೆಡ್ಡಿಗೆ ಬಂದರು. ಅಮೃತಪ್ಪನ ಕಾಲಿನ ಊತ ಒತ್ತಿ ನೋಡಿ, ಫೋನು ತಾವೇ ಕಿತ್ತುಕೊಂಡು ನೇರ ಸೂಪರಿಂಟೆಂಡೆಂಟರ ಕೋಣೆಗೆ ತಿರುಗಿಸಿದರು.

ಭಗವಂತರಾಯರು ಊಟದ ಡಬ್ಬಿ ಮುಚ್ಚಳ ತೆರೆದಿಟ್ಟು ಬಂದಿದ್ದರು. ಕೊರಳಿಗೆ ಸಿಕ್ಕಿಸಿಕೊಂಡ ಕರವಸ್ತ್ರ ಹಾಗೇ ಇತ್ತು. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, “ಎದೆಯಲ್ಲಿ ನೀರು ನಿಂತಿದೆ” ಎಂದರು, ನೀರು ಇಳಿಸುವ ಇಂಜೆಕ್ಷನ್ ಹೇಳಿದರು. ಮೋನಿಷಾ ಕೊಟ್ಟಳು. ಆಮೇಲೆ ಎಲ್ಲರೂ ಕಾದರು. ಇಪ್ಪತ್ತು ನಿಮಿಷದಲ್ಲಿ ಅಮೃತಪ್ಪ ಎರಡು ಸಲ ಮೂತ್ರದ ಬಾಟಲಿ ಕೇಳಿದ, ಎರಡು ಸಲವೂ ಕ್ಷಮೆ ಕೇಳಿದ. ಮೂರನೇ ಸಲ ಕೇಳುವಾಗ ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಿದ.

ಆಗ ಸೂಪರಿಂಟೆಂಡೆಂಟರು ತಿರುಗಿ ಕೇಳಿದರು. “ಕೆಂಪು ಅಂದವ್ರು ಯಾರು?”

“ನಾನು ಸರ್,” ಎಂದಳು ಮೋನಿಷಾ.

“ಎಷ್ಟು ಗಂಟೆಗೆ?”

“ಎರಡಕ್ಕೆ ಐದು ನಿಮಿಷ ಇತ್ತು.”

ಅವರು ಅಮೃತಪ್ಪನ ಕಡೆ ಒಮ್ಮೆ, ಗಡಿಯಾರದ ಕಡೆ ಒಮ್ಮೆ ನೋಡಿದರು. “ಅರ್ಧ ಗಂಟೆ ತಡ ಆಗಿದ್ರೆ ಕಷ್ಟ ಇತ್ತು,” ಎಂದರು. ಆಮೇಲೆ, ಹೊಗಳಿಕೆ ಅಭ್ಯಾಸವಿಲ್ಲದವರು ಹೊಗಳಿದ ಮೇಲೆ ಮಾಡುವಂತೆ, ಸ್ವಲ್ಪ ಗದರಿದರು. “ಸರಿ, ನಿಂತ್ಕೊಂಡು ಏನ್ ನೋಡ್ತೀರಿ? ಹ್ಯಾಂಡ್‌ಓವರ್ ಆಗಿಲ್ವಲ್ಲ ಇನ್ನೂ. ಮುಗಿಸಿ. ನಾನೂ ಕೇಳ್ತೀನಿ.”

ಬಣ್ಣಗಳನ್ನು ತಂದ ಮೇಲೆ ಅವರು ಹ್ಯಾಂಡ್‌ಓವರ್ ಕೇಳುತ್ತಿರುವುದು ಇದೇ ಮೊದಲು. ಮೋನಿಷಾ ಮೇಜಿನ ಈಚೆ ನಿಂತಳು, ಮಂಜುಳಮ್ಮ ಆಚೆ. ಪುಸ್ತಕ ತೆರೆದರೆ ಬೆಳಿಗ್ಗೆಯೇ ಬರೆದಿಟ್ಟ ಹಾಳೆಯಲ್ಲಿ ಹದಿನಾಲ್ಕು ಹಳದಿ. ಅವಳು ಹಾಳೆ ಬಿಟ್ಟು ಮಂಚಗಳನ್ನು ನೋಡಿದಳು.

“ಒಂದನೇ ಬೆಡ್ಡು, ಹಳದಿ. ಸಕ್ಕರೆ ಇನ್ನೂ ಏರಿಳಿತಾ ಇದೆ. ಎರಡನೇ ಬೆಡ್ಡು, ಹಳದಿ. ಮೂರನೇದು ಕೆಂಪು, ನೋಡಿದೀರಿ. ನಾಲ್ಕು, ಹಳದಿ. ಐದನೇ ಬೆಡ್ಡು...” ಸಿಳ್ಳೆ ಹಾಕಿದವನ ಕಡೆ ನೋಡಿದಳು. “ಹಸಿರು.”

“ಹಸಿರಾ?” ಎಂದ ಐದನೇ ಬೆಡ್ಡಿನವನು ಗಾಬರಿಯಾಗಿ. “ನಮ್ಮನೆಯವ್ಳಿಗೆ ಹೇಳ್ಬೇಡಿ ಸಿಸ್ಟರ್.”

ಆರು, ಏಳು, ಎಂಟು ಹಳದಿಯಾಗಿಯೇ ದಾಟಿದವು. ಒಂಬತ್ತರ ಸರದಿ ಬಂತು. ಅಮ್ಮನ ಆರು ತಿಂಗಳಲ್ಲಿ ಇನ್ನೂ ನಾಲ್ಕು ಉಳಿದಿದ್ದವು.

“ಒಂಬತ್ತನೇ ಬೆಡ್ಡು, ಹಸಿರು. ಗುರುಶಾಂತಪ್ಪ, ಟೈಫಾಯ್ಡ್, ಹನ್ನೆರಡನೇ ದಿನ. ಜ್ವರ ಬಿಟ್ಟು ಐದು ದಿನ. ವಾರ್ಡಿನಲ್ಲಿ ಹತ್ತು ಸಲ ನಡೆಸಿದೀನಿ, ನಾಡಿ ತೊಂಬತ್ತೆರಡು ದಾಟಲಿಲ್ಲ, ಎರಡು ನಿಮಿಷಕ್ಕೆ ಎಪ್ಪತ್ತಾರಕ್ಕೆ ಇಳೀತು. ಊಟ ಪೂರ್ತಿ ಮಾಡಿದಾರೆ. ಮೇಲಿನ ವಾರ್ಡಿಗೆ ಹೋಗಿ ಬರಬಹುದು.”

ಭಗವಂತರಾಯರ ಹುಬ್ಬು ಏರಿತು. “ನಿನ್ನೆವರೆಗೂ ಹಳದಿ ಅಲ್ವಾ ಇವ್ರು? ಒಂದೇ ದಿನಕ್ಕೆ ಹಸಿರು ಹೆಂಗಾಯ್ತು?”

ಗುರುಶಾಂತಪ್ಪ ಬಾಯಿ ತೆರೆದರು. ಬಾಲಮ್ಮ ಅವರ ಬಾಯಿಗೆ ಥರ್ಮಾಮೀಟರ್ ತುರುಕಿದಳು.

ಮೋನಿಷಾ ಮಂಜುಳಮ್ಮನ ಕಡೆ ನೋಡಿದಳು. ನಿನ್ನೆವರೆಗೂ ಏನು ನಡೆಯುತ್ತಿತ್ತೆಂದು ಹೇಳಿದರೆ ಮೇಜಿನ ಆಚೆ ನಿಂತವರ ಇಪ್ಪತ್ತೇಳು ವರ್ಷಕ್ಕೆ ಮೆಮೊ ಬರುತ್ತಿತ್ತು. ಮಂಜುಳಮ್ಮ ಪೆನ್ನು ಕೆಳಗಿಟ್ಟರು. ಹೋಗಿ ಒಂಬತ್ತನೇ ಬೆಡ್ಡಿನ ಮುಂದೆ ನಿಂತು, ಥರ್ಮಾಮೀಟರ್ ತೆಗೆದು ಬೆಳಕಿಗೆ ಹಿಡಿದರು. ನಾಲಿಗೆ ಚಾಚಲು ಹೇಳಿದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು. ಮಣಿಕಟ್ಟು ಹಿಡಿದು, ಇಡೀ ಒಂದು ನಿಮಿಷ, ಸೂಪರಿಂಟೆಂಡೆಂಟರನ್ನು ಕಾಯಿಸಿ, ಎಣಿಸಿದರು. ವಾಪಸ್ಸು ಬಂದು ಪುಸ್ತಕ ಎಳೆದುಕೊಂಡರು.

“ನಿನ್ನೆವರೆಗೂ ಸರಿಯಾಗಿ ನೋಡಿರ್ಲಿಲ್ಲ ಸರ್,” ಎಂದರು. “ಇವತ್ತು ನೋಡಿದೀವಿ. ಹೇಳಿದ್ದು ಅವ್ಳು, ಬರ್ಕೊಳ್ತಿರೋದು ನಾನು. ಇಬ್ರದ್ದೂ ಸಹಿ ಇರತ್ತೆ. ಮೆಮೊ ಕಳಿಸೋದಾದ್ರೆ ಎರಡು ಪ್ರತಿ ಮಾಡ್ಸಿ.”

ಭಗವಂತರಾಯರು ಕೊರಳಿನ ಕರವಸ್ತ್ರ ತೆಗೆದರು. ಒರೆಸಿಕೊಳ್ಳಲು ಮುಖದಲ್ಲಿ ಏನೂ ಇರಲಿಲ್ಲ, ಆದರೂ ಒರೆಸಿಕೊಂಡರು. “ಮತ್ತೆ ಕಾರ್ಡ್ ಬದಲಾಯಿಸಿ,” ಎಂದರು. “ಬಾಯಲ್ಲಿ ಹಸಿರು, ಮಂಚದಲ್ಲಿ ಹಳದಿ ಇದ್ರೆ ಹೆಂಗೆ?”

ಹಸಿರು ಕಾರ್ಡು ಹುಡುಕಾಟ ಶುರುವಾಯಿತು. ಮೇಜಿನ ಡ್ರಾಯರಿನಲ್ಲಿ ಇರಲಿಲ್ಲ, ಕಪಾಟಿನಲ್ಲಿ ಇರಲಿಲ್ಲ. ಕೊನೆಗೆ ಬಾಲಮ್ಮ ನಾಲಿಗೆ ಕಚ್ಚಿಕೊಂಡು, ನೀರಿನ ಫಿಲ್ಟರ್ ಇಟ್ಟಿದ್ದ ಸ್ಟೂಲನ್ನು ಒಂದು ಕೈಯಲ್ಲಿ ಎತ್ತಿ, ಅದರ ಕುಂಟು ಕಾಲಿನ ಕೆಳಗಿನಿಂದ ಎಂಟು ಹಸಿರು ಕಾರ್ಡುಗಳ ಒಂದು ಅಟ್ಟಿ ಎಳೆದಳು. ಸೂಪರಿಂಟೆಂಡೆಂಟರು ಅದನ್ನು ನೋಡಿದರು. ಊಟ ಆರುತ್ತಿದೆಯೆಂದು ಹೊರಟುಹೋದರು. ಫಿಲ್ಟರ್ ಓಲಾಡತೊಡಗಿತು.

ಮೇಲಿನ ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ಉಳಿದ ಐದು ಬೆಡ್ಡು ಓದಿ ಮುಗಿಸುವಷ್ಟರಲ್ಲಿ ಮೋನಿಷಾಳ ಪಾಳಿ ಮುಗಿದು ಮುಕ್ಕಾಲು ಗಂಟೆಯಾಗಿತ್ತು. ಆದರೂ ಒಂದು ಕಡೆ ಅವಳು, ಒಂದು ಕಡೆ ಬಾಲಮ್ಮ. ಗುರುಶಾಂತಪ್ಪ ಹಿಡಿಸಿಕೊಳ್ಳಲು ಒಪ್ಪಲಿಲ್ಲ. ಹನ್ನೊಂದನೇ ಮೆಟ್ಟಿಲ ತಿರುವಿನಲ್ಲಿ ನಿಂತು ಅಂಗಿ ಕೆಳಗೆಳೆದುಕೊಂಡರು, ಕೂದಲು ಒತ್ತಿಕೊಂಡರು.

“ಸುಸ್ತಾಯ್ತಾ ತಾತಾ?”

“ಇಲ್ಲವ್ವಾ. ಅಕಿ ಎದುರು ಹೋಗ್ಬೇಕಲ್ಲ. ಇನ್‌ಸ್ಪೆಕ್ಷನ್ನು.”

ಹೆಂಗಸರ ವಾರ್ಡಿನಲ್ಲಿ ಕಾಶಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಪಕ್ಕದ ಸ್ಟೂಲಿನ ಮೇಲೆ ಬ್ರೆಡ್ಡು ಹಾಲು, ಬೆಳಗಿನದು, ಹಾಗೇ ಇತ್ತು. ಮೊದಲು ನೋಡಿದ್ದು ಉಳಿದ ಹೆಂಗಸರು. “ಅಜ್ಜೀ, ಯಾರೋ ಬಂದವ್ರೆ ನೋಡಿ,” ಎಂದು ಒಬ್ಬಳು ಕೂಗಿದಳು. ಕಾಶಮ್ಮ ತಿರುಗಿದಳು. ಗಂಡನನ್ನು ಪಾದದಿಂದ ಮೇಲಕ್ಕೆ, ಅವಸರವಿಲ್ಲದೆ, ಸಾಮಾನಿನ ಪಟ್ಟಿ ತಾಳೆ ನೋಡುವಂತೆ ನೋಡಿದಳು. ನೋಟ ಮುಖಕ್ಕೆ ಬಂದು ನಿಂತಿತು.

“ಗಡ್ಡ ಯಾಕ ಬಿಟ್ಟೀರಿ?”

“ಹಸಿರು ಕೊಟ್ಟಾರ ನಂಗ.”

“ಅದನ್ನ ಕೇಳಿಲ್ಲ ನಾ. ಗಡ್ಡ ಯಾಕ ಬಿಟ್ಟೀರಿ ಅಂದೆ.”

“ಕೆಳಗ ಕನ್ನಡಿ ಇಲ್ಲ.”

“ಪಾನಿಪುರಿ ಅಂಗಡಿ ಅದ ಏನು?”

“ನೋಡು ಕಾಶಿ, ಪಾನಿಪುರಿಯಿಂದ ಆಗಿಲ್ಲ. ಡಾಕ್ಟರಿಗಿ ಕೇಳೀನಿ. ಶ್ರೀಖಂಡ ಎರಡು ದಿನದ್ದಿತ್ತು...” ಎನ್ನುತ್ತ ಅವರು ಅವಳ ಮಂಚದ ಅಂಚಿನಲ್ಲಿ ಕೂತರು. ಕಾಶಮ್ಮನ ಮೂಗು ಕೆಂಪಾಗಿತ್ತು. ಸೆರಗಿನಿಂದ ಒರೆಸಿಕೊಂಡು, ಶ್ರೀಖಂಡ ಮಾಡಿದವರು ತನ್ನ ದೊಡ್ಡಮ್ಮನ ಮೊಮ್ಮಗಳೆಂದೂ ಅವರ ಮನೆಯಲ್ಲಿ ಎರಡು ದಿನದ್ದು ಇಡುವ ಪದ್ಧತಿಯೇ ಇಲ್ಲವೆಂದೂ ಹೇಳಿದಳು. ಅವರು ಅದಕ್ಕೆ ಉತ್ತರ ಕೊಡಲು ದಿಂಬಿಗೆ ಒರಗಿದರು. ಉತ್ತರ ಶುರುವಾಯಿತು, ಗೃಹಪ್ರವೇಶದ ಶಾಮಿಯಾನದವರೆಗೆ ಹೋಯಿತು, ನಿಧಾನವಾಯಿತು. ವಾರ್ಡಿನ ಹೆಂಗಸರು ಮುಂದಿನ ಮಾತಿಗೆ ಕಾದರು. ಗುರುಶಾಂತಪ್ಪ ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದರು.

ಕಾಶಮ್ಮ ಸ್ವಲ್ಪ ಹೊತ್ತು ಅವರ ಎದೆಯನ್ನೇ ನೋಡಿದಳು. ಏಳುತ್ತಿತ್ತು, ಇಳಿಯುತ್ತಿತ್ತು. ಡ್ರಿಪ್ಪಿನ ನಳಿಕೆ ಸಡಿಲವಾಗಿ ಜೋಲುವಂತೆ ಕೈ ನೀಡಿಕೊಂಡು ಮಂಚದಿಂದ ಇಳಿದು, ಅವರ ಎರಡೂ ಕಾಲುಗಳನ್ನು ಎತ್ತಿ ಹಾಸಿಗೆಯ ಮೇಲಿಟ್ಟಳು. ಬ್ರೆಡ್ಡಿನ ತಟ್ಟೆ, ಹಾಲಿನ ಲೋಟ ಎತ್ತಿಕೊಂಡು ಸ್ಟೂಲಿನ ಮೇಲೆ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಒಂದು ತುಂಡು ತಣ್ಣಗಿನ ಹಾಲಿಗೆ ಅದ್ದಿ ಬಾಯಿಗೆ ಹಾಕಿಕೊಂಡಳು. ಅದನ್ನು ನುಂಗುವ ಮೊದಲೇ ಎರಡನೆಯದನ್ನು ಮುರಿದುಕೊಂಡಿದ್ದಳು.

ಸಿಸ್ಟರ್ ಫಹ್ಮಿದಾ ಇಂಜೆಕ್ಷನ್ ಟ್ರೇ ಹಿಡಿದು ಬಂದವಳು ಮಂಚದ ಮುಂದೆ ಗಕ್ಕನೆ ನಿಂತಳು. “ಅರೆ! ಯೇ ಕ್ಯಾ? ಇದು ಲೇಡೀಸ್...”

ಕಾಶಮ್ಮ ಹಾಲು ಮೆತ್ತಿದ ಬೆರಳನ್ನು ತುಟಿಯ ಮೇಲಿಟ್ಟುಕೊಂಡಳು.

ಫಹ್ಮಿದಾ ಬಾಗಿಲಲ್ಲಿದ್ದ ಮೋನಿಷಾಳನ್ನು ನೋಡಿದಳು, ತಟ್ಟೆಯನ್ನು ನೋಡಿದಳು. ಪಡುವಣ ಕಿಟಕಿಯಿಂದ ಬಿಸಿಲು ನೇರ ಮುದುಕರ ಮುಖದ ಮೇಲೆ ಬೀಳುತ್ತಿತ್ತು. ಅವಳು ಟ್ರೇಯನ್ನು ಸದ್ದಾಗದಂತೆ ಪಕ್ಕದ ಮಂಚದ ಮೇಲಿಟ್ಟು, ತುದಿಗಾಲಲ್ಲಿ ಸುತ್ತಿ ಹೋಗಿ, ಪರದೆಯನ್ನು ಅವರ ಕಣ್ಣಿಗೆ ನೆರಳಾಗುವಷ್ಟು ಎಳೆದಳು.